ಮುಂಬೈಗೆ ಹೋದವರು ಎಲ್ಲಿ ಉಳ್ಕೊಂಡ್ರು? (8 ಭಾಗಗಳ ಸರಣಿ, ಸೇವ್ ಮಾಡ್ಕೊಳ್ಳಿ)

ಭಾಗ 1: ಎರಡು ವಿಳಾಸ

ಫೈನಲ್ ಬಿಕಾಂ ಮುಗೀತಾ ಬಂತು. ಕ್ಲಾಸಿನ ವಾಟ್ಸಾಪ್ ಗ್ರೂಪ್ ನೋಡಿದವರಿಗೆ ಗೊತ್ತು, ನನಗೆ ಮುಂಬೈಯಲ್ಲಿ ಕೆಲಸ ಆಗಿದೆ. ಅಂಧೇರಿ ಪೂರ್ವದಲ್ಲಿ ಆಫೀಸು, ಜುಲೈಯಲ್ಲಿ ಸೇರಬೇಕು. ಎಲ್ಲರೂ ಕೇಳಿದ್ದು ಸಂಬಳ ಎಷ್ಟು ಅಂತ. ಅಜ್ಜ ಮಾತ್ರ ಬೇರೆ ಕೇಳಿದ್ರು: "ಉಳ್ಕಂಬುದ್ ಎಲ್ಲಿ?"

ನನ್ನ ಮುಂದೆ ಎರಡು ವಿಳಾಸ ಇವೆ. ಒಂದು ಡೊಂಬಿವಲಿಯ ದೊಡ್ಡಮ್ಮನ ಮನೆ. ಬಾಡಿಗೆ ಇಲ್ಲ, ಊಟ ಮನೆಯದ್ದೇ, ಆದ್ರೆ ಆಫೀಸಿಗೆ ದಿನಾ ಹೋಗಿ ಬರೋದೇ ಒಂದು ಕೆಲಸ. ಇನ್ನೊಂದು ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರದ ಪಿಜಿ. ಒಂದೇ ರೂಮಲ್ಲಿ ನಾಲ್ಕು ಮಂಚ, ಮೂರು ತಿಂಗಳ ಅಡ್ವಾನ್ಸು.

ಪಿಜಿಗೆ ಫೋನ್ ಮಾಡಿದಾಗ ಬ್ರೋಕರ್ ಮೊದಲು ಕೇಳಿದ್ದು ಹೆಸರು. ಎರಡನೇದು, "ನೀವು ಯಾವ ಜನ?" ಮೂರನೇದು, "ನಾನ್‌ವೆಜ್ ತಿಂತೀರಾ?"

ಕುಂದಾಪುರದ ಹುಡುಗಿ ನಾನು. ಮೀನಿಲ್ಲದೆ ಊಟ ಇಳಿಯಲ್ಲ. ಆದ್ರೂ ಬಾಯಿಂದ ಬಂದದ್ದು "ಇಲ್ಲ" ಅಂತ. ಫೋನ್ ಇಟ್ಟ ಮೇಲೆ ನನಗೇ ಒಂಥರಾ ಆಯ್ತು. ಯಾಕೆ ಹಾಗೆ ಹೇಳಿದೆ?

ಅವತ್ತಿನಿಂದ ಓದ್ತಾ ಇದ್ದೇನೆ. ಕೆಲಸ ಹುಡುಕಿಕೊಂಡು ಗೊತ್ತಿಲ್ಲದ ಊರಿಗೆ ಹೋದವರು ನೂರು ವರ್ಷದ ಹಿಂದೆ ರೂಮು ಹೇಗೆ ಆರಿಸಿಕೊಂಡ್ರು? ಆರಿಸಿಕೊಳ್ಳೋ ಅವಕಾಶ ಆದ್ರೂ ಇತ್ತಾ? ನೀವೂ ಇವತ್ತಲ್ಲ ನಾಳೆ ಬೆಂಗಳೂರೋ ಪುಣೆಯೋ ದುಬೈಯೋ ಅಂತ ಹೊರಡೋರೇ ಅಲ್ವಾ? ಜೊತೆಗೆ ಓದಿ.

ಭಾಗ 2: ಮಿಲ್ಲಿನಿಂದ ಹದಿನೈದು ನಿಮಿಷ

ಮುಂಬೈಯ ಮೊದಲ ಹತ್ತಿ ಮಿಲ್ಲು ಶುರುವಾದದ್ದು 1854ರಲ್ಲಿ. 1921ರ ಹೊತ್ತಿಗೆ 85 ಮಿಲ್ಲು, ಸುಮಾರು 1,46,000 ಕೆಲಸಗಾರರು. 1881ರಿಂದ 1931ರವರೆಗೆ ಆ ಊರಲ್ಲಿ ಇದ್ದವರಲ್ಲಿ ಅಲ್ಲೇ ಹುಟ್ಟಿದವರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಉಳಿದವರೆಲ್ಲ ಹೊರಗಿನಿಂದ ಬಂದವರು. ಇಡೀ ಊರೇ ಬಾಡಿಗೆದಾರರ ಊರು ಅಂದ್ಕೊಳ್ಳಿ.

ಅವರು ಎಲ್ಲಿದ್ರು? ಮಿಲ್ಲು ಕಾರ್ಮಿಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಗಿರಣಗಾಂವ್‌ನಲ್ಲಿ. ಅಂದ್ರೆ ಗಿರಣಿಗಳ ಊರು: ಪರೇಲ್, ಲಾಲ್‌ಬಾಗ್ ಸುತ್ತಮುತ್ತ. ಮಿಲ್ಲಿನಿಂದ ಹದಿನೈದು ನಿಮಿಷ ನಡೆದ್ರೆ ಮನೆ.

ಇದನ್ನ ಓದಿದಾಗ ನಾನು ಅಂದ್ಕೊಂಡದ್ದು, ಬಸ್ಸಿಗೆ ದುಡ್ಡಿರಲಿಲ್ಲ, ಅದಕ್ಕೆ ಹತ್ತಿರ ಇದ್ರು ಅಂತ. ಅದೂ ಹೌದು. ಆದ್ರೆ ಇನ್ನೂ ಒಂದು ಕಾರಣ ಇದೆ, ಅದರ ಹೆಸರು "ಬದಲಿ". ಕಾಯಂ ಕೆಲಸ ಎಲ್ಲರಿಗೂ ಇರಲಿಲ್ಲ. ಬೆಳಿಗ್ಗೆ ಗೇಟಿನ ಮುಂದೆ ಹೋಗಿ ನಿಲ್ಲಬೇಕು. ಯಾರಾದ್ರೂ ರಜೆ ಹಾಕಿದ್ರೆ ಅವರ ಜಾಗಕ್ಕೆ ಅವತ್ತಿನ ಮಟ್ಟಿಗೆ ಇವರು. ಯಾರೂ ರಜೆ ಇಲ್ಲ ಅಂದ್ರೆ ವಾಪಸ್. ದೂರ ಇದ್ದವನು ಗೇಟಿಗೆ ಬರೋಷ್ಟರಲ್ಲಿ ಹತ್ತಿರ ಇದ್ದವನು ಒಳಗೆ ಹೋಗಿ ಆಗಿರ್ತಿತ್ತು. ದೂರದ ಮನೆ ಅಂದ್ರೆ ಬಸ್ಸಿನ ದುಡ್ಡಿನ ಜೊತೆಗೆ ಆ ದಿನದ ಕೂಲಿಯೂ ಹೋಯ್ತು ಅಂತ ಲೆಕ್ಕ.

ಯಾರನ್ನ ಒಳಗೆ ಬಿಡಬೇಕು ಅಂತ ಹೇಳೋನು ಜಾಬರ್. ಅವನೇ ಕೆಲಸ ಕೊಡಿಸೋನು, ಸಾಲ ಕೊಡೋನು, ಎಷ್ಟೋ ಸಲ ರೂಮು ತೋರಿಸೋನೂ ಅವನೇ. ಹೆಚ್ಚಾಗಿ ಅವನು ತನ್ನ ಊರಿನ ಕಡೆಯವರನ್ನೇ ಕರ್ಕೊಂಡು ಬರ್ತಿದ್ದ. ಕೆಲಸ, ಸಾಲ, ಮನೆ ಮೂರೂ ಒಬ್ಬನ ಕೈಯಲ್ಲಿ. ಅವನ ಜೊತೆ ಜಗಳ ಆದ್ರೆ? ಮೂರೂ ಒಂದೇ ದಿನ ಹೋಗ್ತಿತ್ತು.

ಈ ಸಾಲನ್ನ ನೆನಪಿಟ್ಕೊಳ್ಳಿ, ಕೊನೆಯ ಭಾಗದಲ್ಲಿ ಬೇಕಾಗ್ತದೆ.

ಭಾಗ 3: ಸರ್ಕಾರ ಕಟ್ಟಿದ ಮನೆ

1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಗಾಳಿ ಬೆಳಕು ಇಲ್ಲದ ಇಕ್ಕಟ್ಟಿನ ಕೇರಿಗಳೇ ಕಾರಣ ಅಂತ ಸರ್ಕಾರಕ್ಕೆ ಅನ್ನಿಸ್ತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕೆಲಸ ಏನು? ಹಳೇ ಕೇರಿ ಒಡೆಯೋದು, ಅಗಲ ರಸ್ತೆ ಮಾಡೋದು, ಹೊಸ ಚಾಳು ಕಟ್ಟೋದು.

1918ರ ಹೊತ್ತಿಗೆ ಟ್ರಸ್ಟಿನ ಯೋಜನೆಗಳಿಂದ ಮನೆ ಕಳ್ಕೊಂಡವರು 64,000 ಜನ. ಮತ್ತೆ ಮನೆ ಸಿಕ್ಕಿದ್ದು 14,000 ಜನಕ್ಕೆ. ಉಳಿದ 50,000 ಜನ ಎಲ್ಲಿಗೆ ಹೋದ್ರು? ಇನ್ನೂ ಇಕ್ಕಟ್ಟಿನ ಮತ್ತೊಂದು ಕೇರಿಗೆ.

ಅದೇ 1918ರಲ್ಲಿ ಬಾಡಿಗೆ ಕಾನೂನು ಬಂತು. ಬಾಡಿಗೆ ಮಿತಿ ಮೀರಬಾರದು ಅಂತ. ನಮ್ಮ ಎಕನಾಮಿಕ್ಸ್ ಮೇಡಂ ಬೋರ್ಡಿನ ಮೇಲೆ ಬರೆಯೋ ಬೆಲೆ ನಿಯಂತ್ರಣದ ಗ್ರಾಫ್ ನೆನಪಿದೆಯಾ? ಅಲ್ಲಿ ಆಗಿದ್ದೂ ಅದೇ. ಮಾಲೀಕರು ಮನೆಗಳನ್ನ ಬಾಡಿಗೆಗೆ ಕೊಡೋದೇ ನಿಲ್ಲಿಸಿದ್ರು. ಹೊಸದಾಗಿ ಬಂದವನಿಗೆ ರೂಮು ಸಿಗೋದು ಇನ್ನೂ ಕಷ್ಟ ಆಯ್ತು.

ಆಮೇಲೆ 1920ರ ದಶಕದಲ್ಲಿ ಬಿಡಿಡಿ ಚಾಳುಗಳು ಬಂದವು. ವರ್ಲಿ, ನಾಯಗಾಂವ್, ಶಿವಡಿ, ಡಿಲೈಲ್ ರೋಡ್‌ಗಳಲ್ಲಿ ಒಟ್ಟು 200ಕ್ಕೂ ಹೆಚ್ಚು ಕಟ್ಟಡಗಳು. ಒಂದು ಕುಟುಂಬಕ್ಕೆ 160 ಚದರ ಅಡಿಯ ಒಂದು ಕೋಣೆ, ಶೌಚಾಲಯ ಎಲ್ಲರಿಗೂ ಸೇರಿ. 160 ಚದರ ಅಡಿ ಅಂದ್ರೆ 16 ಅಡಿಗೆ 10 ಅಡಿ. ನಮ್ಮ ಕಡೆ ಮನೆಯ ಚಾವಡಿ ಇದಕ್ಕಿಂತ ದೊಡ್ಡದಿರ್ತದೆ.

ತಮಾಷೆ ಏನು ಗೊತ್ತಾ? ಊರಲ್ಲಿ ಮನೆಗೆ ಇಷ್ಟು ಬರ ಇದ್ರೂ ವರ್ಲಿಯ ಎಷ್ಟೋ ಕೋಣೆಗಳು ಮೊದಲ ವರ್ಷಗಳಲ್ಲಿ ಖಾಲಿ ಬಿದ್ದಿದ್ದವು. ಕೆಲಸದಿಂದ ದೂರ, ಅಂಗಡಿ ಇಲ್ಲ, ಗುರುತಿನವರು ಇಲ್ಲ. ನಾಲ್ಕು ಗೋಡೆ ಎಬ್ಬಿಸಿದ ಮಾತ್ರಕ್ಕೆ ಜನ ಬಂದು ಕೂತುಕೊಳ್ಳಲ್ಲ.

ಈಗ ಅದೇ ಚಾಳುಗಳನ್ನ ಒಡೆದು ಎತ್ತರದ ಕಟ್ಟಡ ಕಟ್ತಾ ಇದ್ದಾರೆ. 160 ಚದರ ಅಡಿ ಇದ್ದವರಿಗೆ 500 ಚದರ ಅಡಿ.

ಭಾಗ 4: ಒಂದು ರೂಮು, ಮೂರು ಪಾಳಿ

ಒಂಟಿಯಾಗಿ ಬಂದ ಗಂಡಸರಿಗೆ ಆ ಒಂದು ಕೋಣೆಯೂ ಪೂರ್ತಿ ಸಿಗ್ತಿರಲಿಲ್ಲ. ಒಂದೇ ಊರಿನ ಹತ್ತು ಹದಿನೈದು ಜನ ಸೇರಿ ಒಂದು ರೂಮು ಹಿಡೀತಿದ್ರು. ರತ್ನಾಗಿರಿ ಕಡೆಯ ಹಳ್ಳಿಗಳಿಗೆ ತಮ್ಮದೇ ರೂಮುಗಳೂ ಮಂಡಳಿಗಳೂ ಇದ್ದವು. ಊರಿನ ಹುಡುಗ ಬಂದ್ರೆ ಸೀದಾ ಅಲ್ಲಿಗೆ.

ಎಲ್ಲರೂ ಒಟ್ಟಿಗೆ ಮಲಗೋಕೆ ಜಾಗ ಎಲ್ಲಿ? ಮಲಗ್ತಿರಲಿಲ್ಲ. ರಾತ್ರಿ ಪಾಳಿಯವನು ಬಂದಾಗ ಹಗಲು ಪಾಳಿಯವನು ಎದ್ದು ಹೊರಡ್ತಿದ್ದ. ಚಾಪೆ ಅದೇ, ಮಲಗೋನು ಬೇರೆ. ಗೋಡೆಗೆ ಸಾಲಾಗಿ ಟ್ರಂಕು, ಹಗ್ಗದ ಮೇಲೆ ಬಟ್ಟೆ.

ಊಟ ಖಾನಾವಳಿಯಲ್ಲಿ, ತಿಂಗಳ ಲೆಕ್ಕ. ಅದನ್ನ ನಡೆಸ್ತಿದ್ದದ್ದು ಹೆಚ್ಚಾಗಿ ಹೆಂಗಸರು, ತಮ್ಮದೇ ಒಂದು ಕೋಣೆಯ ಮನೆಯಲ್ಲಿ. ಕಾರ್ಮಿಕರು ಕೊಡೋದು ತಿಂಗಳ ಕೊನೆಗೆ, ದಿನಸಿ ಅಂಗಡಿಯವನಿಗೆ ದುಡ್ಡು ಬೇಕಾದದ್ದು ಮೊದಲೇ. ನಡುವಿನ ಹೊತ್ತು ಬಡ್ಡಿ ಸಾಲ. ಬಿಕಾಂನವರೇ, ಇದೇ ವರ್ಕಿಂಗ್ ಕ್ಯಾಪಿಟಲ್! 1975ರಲ್ಲಿ ಪ್ರೇಮಾ ಪುರವ್ ಅವರು ಈ ಹೆಂಗಸರನ್ನ ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ರು, ಬ್ಯಾಂಕಿನಿಂದ ಸಾಲ ಸಿಗೋ ಹಾಗೆ ಮಾಡಿದ್ರು. ಊರು ಬಿಟ್ಟು ಬಂದ ಸಾವಿರಾರು ಗಂಡಸರು ಬದುಕಿದ್ದು ಈ ಹೆಂಗಸರ ಅಡುಗೆಯಲ್ಲಿ. ಇತಿಹಾಸದ ಪುಸ್ತಕದಲ್ಲಿ ಮಿಲ್ಲಿನ ಚಿಮಣಿ ಕಾಣ್ತದೆ, ಅವರ ಒಲೆ ಕಾಣಲ್ಲ.

"ನಮ್ಮೂರಿನವರ ರೂಮು" ಅಂದ್ರೆ ಕೇಳೋಕೆ ಬೆಚ್ಚಗಿರ್ತದೆ. ಅದರ ಇನ್ನೊಂದು ಮುಖ: ದಲಿತರಿಗೆ ಎಷ್ಟೋ ಚಾಳುಗಳ ಬಾಗಿಲು ಮುಚ್ಚಿತ್ತು. ಅವರು ತಗಡು, ಸೋಗೆ, ಬಿದಿರಿನ ಗುಡಿಸಲುಗಳಲ್ಲಿ ಇದ್ರು. ಅವರ ದುಡಿಮೆ ಊರಿಗೆ ಬೇಕು, ಅವರಿಗೆ ರೂಮು ಮಾತ್ರ ಇಲ್ಲ.

ಭಾಗ 5: ಬರೋಡಾದ ಹನ್ನೊಂದು ದಿನ

ಈ ಭಾಗ ಬರೆಯೋಕೆ ನನಗೆ ಎರಡು ದಿನ ಬೇಕಾಯ್ತು.

1917. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದ ಒಬ್ಬ ಯುವಕ ಕೆಲಸಕ್ಕೆ ಅಂತ ಬರೋಡಾಕ್ಕೆ ಹೋಗ್ತಾರೆ. ಸಂಸ್ಥಾನದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸ. ಕೆಲಸ ಸಿಕ್ಕಿದೆ, ಇರೋಕೆ ಜಾಗ ಇಲ್ಲ. ಆ ಯುವಕ ಡಾ. ಬಿ.ಆರ್. ಅಂಬೇಡ್ಕರ್.

ಹಿಂದೂ ಹೋಟೆಲಿಗೆ ಹೋದ್ರೆ ಜಾತಿ ಕೇಳ್ತಾರೆ. ಸ್ನೇಹಿತರ ಮನೆಗೆ ಹೋಗೋಣ ಅಂದ್ರೆ ಅವರ ಮನೆಯವರು ಏನಂತಾರೋ. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದ್ರು. ಅದು ಪಾರ್ಸಿಗಳಿಗೆ ಮಾತ್ರ. ನೋಡಿಕೊಳ್ಳುವವನು ಒಪ್ಪಿ, ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆದುಕೊಂಡ. ಮಹಡಿಯ ಮೇಲೆ ಒಂದು ಸಣ್ಣ ಕೋಣೆ. ಹಗಲು ಕಚೇರಿ, ರಾತ್ರಿ ಆ ಕೋಣೆಯಲ್ಲಿ ಒಬ್ಬರೇ.

ಹನ್ನೊಂದನೇ ದಿನ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದ್ರು. ನೀನು ಯಾರು, ಇಲ್ಲಿಗೆ ಯಾಕೆ ಬಂದೆ ಅಂತ. ಸಂಜೆಯೊಳಗೆ ಖಾಲಿ ಮಾಡಬೇಕು ಅಂತ ಹೇಳಿ ಹೋದ್ರು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರನ್ನೂ ಕೇಳಿದ್ರು. ಇಬ್ಬರ ಮನೆಯಲ್ಲೂ ಜಾಗ ಆಗಲಿಲ್ಲ. ಮುಂಬೈಗೆ ರೈಲು ಇದ್ದದ್ದು ರಾತ್ರಿ. ಅಲ್ಲಿವರೆಗೆ ಕಾಮಾಠಿ ಬಾಗ್ ಅನ್ನೋ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ರು. ಈ ಘಟನೆಯನ್ನ ಅವರೇ "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಬರೆದಿದ್ದಾರೆ.

ಮುಂಬೈಯಲ್ಲಿ ಅವರು ವರ್ಷಗಟ್ಟಲೆ ಇದ್ದದ್ದು ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನಲ್ಲಿ. ಭಾಗ 3ರಲ್ಲಿ ಹೇಳಿದ ಅದೇ ಟ್ರಸ್ಟು.

ನಾನು ಫೋನಲ್ಲಿ ಹೇಳಿದ ಸುಳ್ಳನ್ನ ಇದರ ಪಕ್ಕ ಇಡೋಕೆ ಹೋಗಲ್ಲ. ನನ್ನದು ಮೀನಿನ ವಿಷಯ, ಬೇಕಾದ್ರೆ ಬೇರೆ ರೂಮು ಹುಡುಕಬಹುದು. ಅವರಿಗೆ ಇಡೀ ಊರಲ್ಲೇ ಬೇರೆ ರೂಮು ಇರಲಿಲ್ಲ. ಆದ್ರೆ ಕೇಳೋ ಪ್ರಶ್ನೆ ಮಾತ್ರ ನೂರು ವರ್ಷ ಕಳೆದ್ರೂ ಅದೇ ಇದೆ. ಅದು ನನ್ನ ನಿದ್ದೆ ಕೆಡಿಸಿತು.

ಭಾಗ 6: ನಮ್ಮ ಕಡೆಯವರು

ಈಗ ನಮ್ಮ ಕಥೆಗೆ ಬರೋಣ. ದಕ್ಷಿಣ ಕನ್ನಡ, ಉಡುಪಿ ಕಡೆ ಮುಂಬೈಯಲ್ಲಿ ಯಾರೂ ಇಲ್ಲದ ಮನೆ ಸಿಗೋದು ಕಷ್ಟ. ಕೊಂಕಣ ರೈಲು ಪೂರ್ತಿ ಓಡೋಕೆ ಶುರುವಾದದ್ದು 1998ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ನಮ್ಮವರು ಘಟ್ಟ ಹತ್ತಿ ರೈಲು ಹಿಡಿದೋ, ಬಸ್ಸಲ್ಲೋ ಹೋಗಿ ಸೇರಿದ್ರು.

ಹೋಗ್ತಿದ್ದದ್ದು ಬಹಳಷ್ಟು ಜನ ಹೋಟೆಲಿಗೆ. ಯಾಕೆ ಹೋಟೆಲ್? ಸಂಬಳ ಕಮ್ಮಿ ಇದ್ರೂ ಊಟ ಅಲ್ಲೇ, ಮಲಗೋದೂ ಅಲ್ಲೇ. ನನ್ನ ಅಜ್ಜ 14ನೇ ವಯಸ್ಸಿಗೆ ಫೋರ್ಟ್ ಕಡೆಯ ಒಂದು ಹೋಟೆಲಿಗೆ ಮಾಣಿಯಾಗಿ ಸೇರಿದ್ರು. ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿ ಅದರ ಮೇಲೆ ನಿದ್ದೆ. "ರೂಮ್ ಹುಡ್ಕುಕೆ ನಂಗ್ ಪುರ್ಸೊತ್ತೇ ಇರ್ಲಿಲ್ಲ, ಟೇಬಲ್ಲೇ ರೂಮ್" ಅಂತಾರೆ ಈಗಲೂ.

ಫೋರ್ಟ್ ಯಾಕೆ ಒಳ್ಳೇದಾಯ್ತು ಅಂದ್ರೆ, ಕನ್ನಡ ರಾತ್ರಿ ಶಾಲೆಗಳು ಅಲ್ಲಿದ್ದವು. ಹಗಲು ಲೋಟ ತೊಳೆದು ರಾತ್ರಿ ಪಾಠ. ಹಾಗೆ ಓದಿ ಬ್ಯಾಂಕು, ವಕೀಲಿ ಅಂತ ಮೇಲೆ ಬಂದವರು ಎಷ್ಟೋ ಜನ. ಅಜ್ಜ ಏಳನೇ ಕ್ಲಾಸಿನವರೆಗೆ ಓದಿದ್ದು ಅಲ್ಲೇ.

ಸಂಘಗಳೂ ಇದ್ದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು. ಮಾಟುಂಗಾ ಹೆಸರು ಕೇಳಿರ್ತೀರಿ. ಪ್ಲೇಗಿನ ನಂತರ ಟ್ರಸ್ಟು ಯೋಜನೆ ಹಾಕಿ ಬೆಳೆಸಿದ ಬಡಾವಣೆ ಅದು. ಗುಮಾಸ್ತ ಕೆಲಸಕ್ಕೆ ಬಂದ ದಕ್ಷಿಣದವರು ಅಲ್ಲಿ ಸೇರಿದ್ರು. ಒಬ್ಬರ ಹಿಂದೆ ಒಬ್ಬರು ಬಂದ ಹಾಗೆ ಶಾಲೆ, ದೇವಸ್ಥಾನ, ಕಾಫಿಪುಡಿ ಅಂಗಡಿ, ಹೂವಿನ ಅಂಗಡಿ ಎಲ್ಲ ಬಂತು. 1942ರಲ್ಲಿ ಎ. ರಾಮ ನಾಯಕರು ಸ್ಟೇಷನ್ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ರು. ಮನೆಯವರಿಲ್ಲದೆ ಒಂಟಿಯಾಗಿದ್ದವರಿಗೆ ಬಾಳೆಎಲೆ ಊಟ ಸಿಕ್ತು.

ಆದ್ರೆ ಗಮನಿಸಿ, ಹೋಟೆಲಲ್ಲಿ ಮಲಗೋದು ಹುಡುಗರಿಗೆ ಮಾತ್ರ ಆಗ್ತಿತ್ತು. ಟೇಬಲ್ ಜೋಡಿಸಿ ಮಲಗಿದ ಹುಡುಗಿಯ ಕಥೆ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಅಜ್ಜಿ ಹೋದದ್ದು ಮದುವೆ ಆಗಿ, ಲಾಲ್‌ಬಾಗಿನ ಚಾಳಿಗೆ. ದೊಡ್ಡಮ್ಮನೂ ಮದುವೆ ಆಗಿಯೇ ಡೊಂಬಿವಲಿಗೆ ಹೋದದ್ದು. ನಮ್ಮ ಮನೆಯಿಂದ ಕೆಲಸಕ್ಕೆ ಅಂತ ಒಬ್ಬಳೇ ಹೊರಡ್ತಿರೋ ಮೊದಲ ಹೆಣ್ಣು ನಾನು. ಅಜ್ಜನ ಪ್ರಶ್ನೆಯ ಹಿಂದಿನ ಹೆದರಿಕೆ ಇದೇ ಇರಬೇಕು.

ಭಾಗ 7: ಮನೆ ದೂರ ಆಗ್ತಾ ಹೋಯ್ತು

1853ರಲ್ಲಿ ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು, 34 ಕಿ.ಮೀ. 1925ರಲ್ಲಿ ವಿಟಿಯಿಂದ ಕುರ್ಲಾಕ್ಕೆ ವಿದ್ಯುತ್ ರೈಲು ಬಂತು. ನಿಧಾನವಾಗಿ ಊರು ಹಳಿಯ ಉದ್ದಕ್ಕೂ ಬೆಳೆಯೋಕೆ ಶುರುವಾಯ್ತು.

1947ರಲ್ಲಿ ಮತ್ತೊಂದು ಬಾಡಿಗೆ ಕಾನೂನು. ಹಳೇ ಬಾಡಿಗೆದಾರರ ಬಾಡಿಗೆ ಅಲ್ಲೇ ನಿಂತುಬಿಡ್ತು. ಅವರಿಗೆ ಒಳ್ಳೇದೇ ಆಯ್ತು. ಹೊಸಬರಿಗೆ? ಆ ರೂಮು ಬೇಕಾದ್ರೆ "ಪಗಡಿ" ಅಂತ ದೊಡ್ಡ ಗಂಟು ಕೊಡಬೇಕು. ಬಾಡಿಗೆ ಎಷ್ಟು ಕಮ್ಮಿಯೋ ಪಗಡಿ ಅಷ್ಟು ಜಾಸ್ತಿ. ಅದು ಕೊಡೋಕೆ ಆಗದವರು ರೈಲು ಹಿಡಿದು ದೂರ ದೂರ ಹೋದ್ರು.

1966ರಲ್ಲಿ ಶಿವಸೇನೆ ಹುಟ್ಟಿತು. ಕೆಲಸಗಳನ್ನ ದಕ್ಷಿಣದವರು ಕಿತ್ಕೊಳ್ತಾರೆ ಅನ್ನೋ ಕೂಗು ಎದ್ದಿತು, ಉಡುಪಿ ಹೋಟೆಲುಗಳ ಮೇಲೂ ದಾಳಿ ಆಯ್ತು. ಆಗ ಅಜ್ಜ ಇದ್ದ ಚಾಳಿನಲ್ಲಿ ಮರಾಠಿ ಮನೆಗಳೇ ಹೆಚ್ಚು. ಹೆದರಿಕೆ ಆಗಲಿಲ್ವಾ ಅಂತ ಕೇಳಿದೆ. ಪಕ್ಕದ ಮನೆಯ ಆಜಿ ಎರಡು ದಿನ ಇವರ ಬಾಗಿಲ ಮುಂದೆ ಕೂತು ಅಕ್ಕಿ ಆರಿಸ್ತಿದ್ರಂತೆ. ಯಾರೂ ಆ ಕಡೆ ಬರಲಿಲ್ಲ. "ನಮ್ಮವರು" ಅಂದ್ರೆ ಬರೀ ನಮ್ಮ ಭಾಷೆಯವರು ಅಂದ್ಕೊಂಡಿದ್ದೆ ನಾನು.

1982ರ ಜನವರಿ 18ಕ್ಕೆ ದತ್ತಾ ಸಾಮಂತ್ ನಾಯಕತ್ವದಲ್ಲಿ ಮಿಲ್ಲು ಮುಷ್ಕರ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಅದು ಗೆಲ್ಲಲೇ ಇಲ್ಲ. ಎಷ್ಟೋ ಮಿಲ್ಲುಗಳು ಮತ್ತೆ ಸರಿಯಾಗಿ ತಿರುಗಲಿಲ್ಲ. ಆ ಹೊತ್ತಿಗೆ ಅಜ್ಜ ಒಂದು ಮಿಲ್ಲಿನ ಹತ್ತಿರ ಸಣ್ಣ ಕ್ಯಾಂಟೀನ್ ಇಟ್ಟಿದ್ರು. ಗಿರಾಕಿಗಳೆಲ್ಲ ಅದೇ ಮಿಲ್ಲಿನವರು. ಸಾಲದ ಪುಸ್ತಕ ತುಂಬಿತು, ಗಲ್ಲಾಪೆಟ್ಟಿಗೆ ಖಾಲಿ ಆಯ್ತು. ಎರಡು ವರ್ಷ ಎಳೆದು ಊರಿಗೆ ವಾಪಸ್ ಬಂದ್ರು. ಆ ಪುಸ್ತಕ ಈಗಲೂ ಅಟ್ಟದ ಮೇಲೆ ಇದೆ, ವಸೂಲಿ ಮಾಡೋಕೆ ಅಜ್ಜ ಹೋಗಲೇ ಇಲ್ಲ. (ಫೋಟೋ 7 ನೋಡಿ. ಹೆಸರುಗಳನ್ನ ಮಸುಕು ಮಾಡಿದ್ದೇನೆ.)

ಮಿಲ್ಲಿನ ಜಾಗಗಳಲ್ಲಿ ಮಾಲ್, ಆಫೀಸು ಬಂದವು. ಅಲ್ಲಿ ಕೆಲಸ ಮಾಡೋರು ಅಲ್ಲಿ ಇರೋಕೆ ಆಗಲ್ಲ. ಹದಿನೈದು ನಿಮಿಷದ ನಡಿಗೆ ಎರಡು ಗಂಟೆಯ ಲೋಕಲ್ ಆಯ್ತು.

ಭಾಗ 8: ನನ್ನ ಲೆಕ್ಕ

ಇಷ್ಟೆಲ್ಲ ಓದಿ ನನಗೆ ಏನು ಸಿಕ್ತು? ರೂಮು ಹುಡುಕೋ ಮೊದಲು ಕೇಳ್ಕೊಳ್ಳೋಕೆ ನಾಲ್ಕು ಪ್ರಶ್ನೆ.

ಒಂದು. ದಾರಿಯ ಖರ್ಚು ದುಡ್ಡಲ್ಲಿ ಎಷ್ಟು, ಗಂಟೆಯಲ್ಲಿ ಎಷ್ಟು? ಬದಲಿ ಕಾರ್ಮಿಕನಿಗೆ ಗೊತ್ತಿದ್ದ ಲೆಕ್ಕ ಇದು. ಮ್ಯಾಪ್‌ನಲ್ಲಿ ಭಾನುವಾರ ಮಧ್ಯಾಹ್ನ ನೋಡಬೇಡಿ, ಸೋಮವಾರ ಬೆಳಿಗ್ಗೆ ಎಂಟೂವರೆಗೆ ನೋಡಿ.

ಎರಡು. ರಾತ್ರಿ ಎರಡು ಗಂಟೆಗೆ ಜ್ವರ ಬಂದ್ರೆ ಯಾರ ಬಾಗಿಲು ತಟ್ಟೋದು? ವರ್ಲಿಯ ಖಾಲಿ ಕೋಣೆಗಳು ಹೇಳಿದ ಪಾಠ.

ಮೂರು. ಕೆಲಸ ಹೋದ್ರೆ ರೂಮೂ ಹೋಗ್ತದಾ? ಜಾಬರ್ ಕೈಯಲ್ಲಿ ಮೂರೂ ಕೊಟ್ಟವರ ಗತಿ ನೆನಪಿದೆ ಅಲ್ವಾ? ಅಡ್ವಾನ್ಸು ವಾಪಸ್ ಯಾವಾಗ, ಎಷ್ಟು ಮೊದಲು ಹೇಳಬೇಕು ಅನ್ನೋದನ್ನ ಬರೆಸಿಕೊಳ್ಳಿ. ನಾನು ಕೇಳಿದ ಪಿಜಿಯಲ್ಲಿ 11 ತಿಂಗಳ ಮೊದಲು ಬಿಟ್ರೆ ಅಡ್ವಾನ್ಸು ಪೂರ್ತಿ ಹೋದ ಹಾಗೆ. ಇದನ್ನ ಬ್ರೋಕರ್ ತಾನಾಗಿ ಹೇಳಲಿಲ್ಲ, ಮೂರನೇ ಸಲ ಕೇಳಿದಾಗ ಹೇಳಿದ.

ನಾಲ್ಕು. ಅಲ್ಲಿ ಇರೋಕೆ ನಾನು ಬೇರೆ ಯಾರೋ ಆಗಬೇಕಾ?

ನಾಲ್ಕನೇ ಪ್ರಶ್ನೆಗೆ ಉತ್ತರ ಗೊತ್ತಾದ ದಿನ ಪಿಜಿ ಬೇಡ ಅಂತ ಫೋನ್ ಮಾಡಿದೆ. ಮೀನು ತಿಂತೇನೆ ಅಂತಲೂ ಹೇಳಿದೆ. ಅವನು ಸುಮ್ಮನೆ ಫೋನ್ ಇಟ್ಟ.

ಮೊದಲ ಮೂರು ತಿಂಗಳು ದೊಡ್ಡಮ್ಮನ ಮನೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಘಾಟ್‌ಕೋಪರ್, ಅಲ್ಲಿಂದ ಅಂಧೇರಿಗೆ ಮೆಟ್ರೋ. ಆ ಮೆಟ್ರೋ 2014ರಲ್ಲಿ ಶುರುವಾದದ್ದು. ಅದಿಲ್ಲದಿದ್ರೆ ಈ ಲೆಕ್ಕ ಕೂಡ್ತಿರಲಿಲ್ಲ. ಸುಸ್ತಾಗ್ತದೆ, ಗೊತ್ತು. ಆದ್ರೆ ಆ ಮೂರು ತಿಂಗಳಲ್ಲಿ ಊರು ನೋಡ್ತೇನೆ, ನಾಲ್ಕು ಮಾತು ಮರಾಠಿ ಕಲೀತೇನೆ, ಆಫೀಸಿನ ಹುಡುಗಿಯರ ಗುರುತಾಗ್ತದೆ. ಆಮೇಲೆ ಇಬ್ಬರೋ ಮೂವರೋ ಸೇರಿ ನಡುದಾರಿಯಲ್ಲಿ, ಘಾಟ್‌ಕೋಪರ್ ಕಡೆ ಎಲ್ಲಾದ್ರೂ, ನಮ್ಮದೇ ಹೆಸರಲ್ಲಿ ರೂಮು ಹುಡುಕ್ತೇವೆ. ಫೋಟೋ ನೋಡಿ ಅಡ್ವಾನ್ಸು ಕೊಡಲ್ಲ, ನಲ್ಲಿ ತಿರುಗಿಸಿ ನೀರು ನೋಡಿ ಕೊಡ್ತೇವೆ.

ಅಜ್ಜನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಮೊದಲ್ನೇ ರೂಮೇ ಕಡೀ ರೂಮ್ ಅಲ್ಲ ಮಗಾ. ನಾನ್ ನಾಲ್ಕ್ ಸರ್ತಿ ಬದ್ಲ್ ಮಾಡಿದ್ದೆ" ಅಂದ್ರು. ಟೇಬಲ್ ಒಂದು, ಹೋಟೆಲಿನ ಹುಡುಗರ ಜೊತೆಯ ರೂಮು ಎರಡು, ಚಾಳು ಮೂರು, ನಾಲ್ಕನೇದು ಯಾವುದು ಅಂತ ಕೇಳಿದೆ. "ಇದೇ" ಅಂತ ನಾವು ಕೂತಿದ್ದ ಜಗಲಿ ತೋರಿಸಿದ್ರು.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಮೊದಲು ಊರು ಬಿಟ್ಟವರು ಯಾರು, ಮೊದಲ ರಾತ್ರಿ ಎಲ್ಲಿ ಮಲಗಿದ್ರು? ಇವತ್ತು ಊಟಕ್ಕೆ ಕೂತಾಗ ಕೇಳಿ, ಕಾಮೆಂಟಲ್ಲಿ ಬರೀರಿ. ಘಾಟ್‌ಕೋಪರ್ ಕಡೆ "ಯಾವ ಜನ" ಅಂತ ಕೇಳದ ಮಾಲೀಕರು ಗೊತ್ತಿದ್ರೆ ನನಗೆ ಮೆಸೇಜ್ ಮಾಡಿ. ನಿಜವಾಗಿಯೂ ಬೇಕು.

#ಊರುಬಿಟ್ಟವರು #ಮುಂಬೈಕನ್ನಡಿಗರು #ಅಜ್ಜನಕಥೆ #ಬಿಕಾಂಡೈರಿ